ಡಬ್ಬಿಂಗ್ ಬೇಡದ ಕೂಗು: ಎರಡು ಕನ್ನಡ ಟೀಸರುಗಳ ಧ್ವನಿವಿನ್ಯಾಸ

ಟ್ರೇಲರಿನ ಧ್ವನಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಚಿತ್ರಮಂದಿರವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಸಿಂಗಪುರದ ಉಬಿಯಂಥ ಕಡೆ ನೆಲೆಸಿದ ಕನ್ನಡಿಗರಿಗೆ ಹೊಸ ಚಿತ್ರದ ಮೊದಲ ಸದ್ದು ಕೇಳಿಸುವುದು ಮೊಬೈಲಿನಲ್ಲಿ. ಕೆಲಸಕ್ಕೆ ಹೋಗುವಾಗ ನೆಲದಡಿಯ ಡೌನ್‌ಟೌನ್ ಲೈನ್ ರೈಲಿನಲ್ಲೂ ಆಗಬಹುದು. ಪುಟ್ಟ ಸ್ಪೀಕರು ಮಂದ್ರ ನಾದವನ್ನು ಸರಿಯಾಗಿ ಹೊರಡಿಸಲಾರದು. ಇಯರ್‌ಫೋನಿನಲ್ಲಿ ಬಂದ ಮಂದ್ರವನ್ನು ರೈಲಿನ ಮೊರೆತ ಮುಚ್ಚಿಹಾಕುತ್ತದೆ. ಹಾಗಿದ್ದೂ ಎದೆ ಝಲ್ಲೆನ್ನುವುದು ಹೇಗೆ?

2021ರ ಜನವರಿ 7ರಂದು ಬಂದ 'ಕೆಜಿಎಫ್ ಚಾಪ್ಟರ್ 2' ಟೀಸರಿನಲ್ಲಿ ಮಾತು ತೀರಾ ಕಡಿಮೆ. ಕಥೆಯ ಎಳೆಯನ್ನು ಪರದೆಯ ಮೇಲಿನ ಇಂಗ್ಲಿಷ್ ಬರಹವೇ ಹಿಡಿದಿಡುತ್ತದೆ. ಉಳಿದ ಭಾರವೆಲ್ಲ ರವಿ ಬಸ್ರೂರರ ಸಂಗೀತದ ಮೇಲೆ. ಎಲ್ಲ ಭಾಷೆಯವರಿಗೂ ಒಂದೇ ಟೀಸರು ಸಾಕಾದದ್ದು ಇದರಿಂದಲೇ. ಆದರೆ ಕಾದು ಕೆಂಪಾದ ಬಂದೂಕಿನ ನಳಿಗೆಗೆ ನಾಯಕ ರಾಕಿ ಸಿಗರೇಟು ತಾಗಿಸುವ ದೃಶ್ಯ ಮೊಬೈಲಿನಲ್ಲಿ ಗೆಲ್ಲುವುದು ಬಹುಮಟ್ಟಿಗೆ ಕಣ್ಣಿನಿಂದ. ಅಬ್ಬರವನ್ನೇ ನೆಚ್ಚಿದ ಸಂಗೀತಕ್ಕೆ ದೊಡ್ಡ ಸ್ಪೀಕರೇ ಬೇಕು.

2023ರ ನವೆಂಬರ್ 27ರಂದು ಏಳು ಭಾಷೆಗಳಲ್ಲಿ ಬಿಡುಗಡೆಯಾದ 'ಕಾಂತಾರ ಚಾಪ್ಟರ್ 1' ಟೀಸರು ಹಿಡಿದದ್ದು ಬೇರೆ ದಾರಿ. 2022ರ 'ಕಾಂತಾರ' ಚಿತ್ರದ ದೈವದ ಕೂಗು ಇಲ್ಲಿ ಮತ್ತೆ ಕೇಳುತ್ತದೆ. ಮಾತಿಗೆ ಡಬ್ಬಿಂಗ್ ಬೇಕು, ಆ ಕೂಗಿಗೆ ಬೇಡ. ಮನುಷ್ಯರ ಕಿವಿ ಹೆಚ್ಚು ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಗಂಟಲು ಬಿರಿಯುವ ಕೂಗಿನ ಶಕ್ತಿಯ ಒಂದು ಪಾಲು ಅಲ್ಲಿಯೇ ಬೀಳುವುದರಿಂದ ಪುಟ್ಟ ಸ್ಪೀಕರಿನಲ್ಲೂ ಅದು ಉಳಿಯುತ್ತದೆ. ನರವಿಜ್ಞಾನಿ ಲೂಕ್ ಅರ್ನಾಲ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದಂತೆ, ಚೀತ್ಕಾರದ ತೀವ್ರತೆ ಸೆಕೆಂಡಿಗೆ 30ರಿಂದ 150 ಬಾರಿ ಏರಿಳಿಯುತ್ತದೆ. ಈ ಒರಟುತನವನ್ನು ಮಿದುಳು ಅಪಾಯವೆಂದು ಓದಿಕೊಳ್ಳುತ್ತದೆ. 1979ರ 'ಏಲಿಯನ್' ಟ್ರೇಲರು ಸಂಭಾಷಣೆಯನ್ನು ಬಿಟ್ಟು ಸೈರನ್ನಿನಂಥ ಕಿರುಚಲನ್ನು ನೆಚ್ಚಿದ್ದೂ ಇದೇ ದಾರಿಯಲ್ಲಿ, ಲೆಕ್ಕವಿಲ್ಲದೆ, ಬರಿಯ ಕಿವಿಯ ಅಂದಾಜಿನಿಂದ ಇರಬೇಕು.

ಆದರೆ ಭೌತಶಾಸ್ತ್ರದಿಂದಷ್ಟೇ ಈ ಕೂಗಿನ ಪರಿಣಾಮ ಬಗೆಹರಿಯದು. ತುಳುನಾಡಿನ ದೈವಾರಾಧನೆಯಾದ ಕೋಲದಲ್ಲಿ ತೆಂಬರೆ ವಾದ್ಯದ ಬಡಿತ, ಪಾಡ್ದನದ ಹಾಡು, ಬಣ್ಣ, ಬೆನ್ನಿಗೆ ಕಟ್ಟುವ ಅಣಿ ಎಲ್ಲ ಒಂದೊಂದಾಗಿ ಸೇರಿ, ಇರುಳು ಬೆಳೆದಂತೆ ಆವೇಶಕ್ಕೆ ದಾರಿಯಾಗುತ್ತದೆ. ಟೀಸರಿಗೆ ಅಷ್ಟು ವ್ಯವಧಾನವೆಲ್ಲಿ? ಅದು ಕಾಯುವಿಕೆಯನ್ನು ಕೈಬಿಟ್ಟು ಫಲವನ್ನಷ್ಟೇ ಎತ್ತಿಕೊಳ್ಳುತ್ತದೆ. ಕೊರತೆಯನ್ನು 2022ರ ಚಿತ್ರದ ನೆನಪು ತುಂಬುತ್ತದೆ. ಆ ಚಿತ್ರ ನೋಡದವರಿಗೆ ಅದು ಬರೀ ಬೆಚ್ಚಿಬೀಳುವ ಕ್ಷಣ. ಪ್ರೇಕ್ಷಕರು ಆ ಕೂಗನ್ನು ಅನುಕರಿಸಬಾರದೆಂದು 2022ರಲ್ಲಿ ವಿನಂತಿಸಿಕೊಂಡಿದ್ದ ಚಿತ್ರತಂಡವೇ, ಮರುವರ್ಷ ಅದನ್ನು ಪ್ರಚಾರದ ಮುಂಚೂಣಿಗೆ ತಂದಿತು.