ಮನೆ ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ನೋಡಿ

ದಿಲ್ಲಿಯಲ್ಲಿ ಮನೆ ನೋಡಲು ಹೊರಟ ನಮ್ಮವರು ಮೆಟ್ರೋ ಎಷ್ಟು ದೂರ, ಪಾರ್ಕಿಂಗ್ ಇದೆಯಾ, ಬಾಗಿಲು ಯಾವ ದಿಕ್ಕಿಗೆ ಅಂತೆಲ್ಲ ಕೇಳುತ್ತಾರೆ. ಕೊಳಚೆ ಎಲ್ಲಿಗೆ ಹೋಗುತ್ತೆ ಅಂತ ಕೇಳುವವರು ಕಡಿಮೆ. ಈ ಊರಿನ ಚರಿತ್ರೆ ಗೊತ್ತಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದರೇನೋ.

1955ರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಯಮುನೆಗೆ ದೊಡ್ಡ ನೆರೆ ಬಂತು. ನೀರು ಇಳಿದಾಗ ನೋಡಿದರೆ ನದಿ ತನ್ನ ಹಳೆಯ ಪಾತ್ರದಿಂದ ಪಕ್ಕಕ್ಕೆ ಸರಿದಿತ್ತು. ಊರಿಗೆ ಕುಡಿಯುವ ನೀರು ಎತ್ತುತ್ತಿದ್ದದ್ದು ವಜೀರಾಬಾದಿನಲ್ಲಿ. ಅದರ ಸ್ವಲ್ಪ ಕೆಳಗೇ ನಜಫ್‌ಗಢ ನಾಲೆ ನದಿಗೆ ಸೇರುತ್ತದೆ. ನವೆಂಬರಿನಲ್ಲಿ ಸುಮಾರು ಒಂದು ವಾರ ನಾಲೆಯ ಕೊಳಚೆ ಹಿಂದಕ್ಕೆ ಹರಿದು ನೀರೆತ್ತುವ ಜಾಗಕ್ಕೇ ಬಂತು! ನೀರು ಶುದ್ಧ ಮಾಡುವವರು ಕ್ಲೋರಿನ್ ಹೆಚ್ಚು ಸುರಿದರು. ಟೈಫಾಯ್ಡ್ ಹಬ್ಬಲಿಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಸುಮಾರು 29,000 ಜನಕ್ಕೆ ಕಾಮಾಲೆ. ಬಸುರಿಯರಲ್ಲಿ ಸಾವು ಹೆಚ್ಚು. ಅದು ಯಾವ ಕಾಮಾಲೆ ಅನ್ನುವುದು ಆಗ ತಿಳಿಯಲಿಲ್ಲ. ಎತ್ತಿಟ್ಟಿದ್ದ ಸೀರಂ ಪರೀಕ್ಷಿಸಿ, ಇದು ಹೆಪಟೈಟಿಸ್ ಎ ಅಲ್ಲ, ಬೇರೇನೋ ಎಂದು ಹೇಳಿದ್ದು 1980ರಲ್ಲಿ. ಇವತ್ತು ಅದಕ್ಕೆ ಹೆಪಟೈಟಿಸ್ ಇ ಅನ್ನುತ್ತಾರೆ.

ಇದು ಇಡೀ ಊರಿನ ಕಥೆ. ಗಲ್ಲಿಗಳಲ್ಲೂ ಇದೇ ಕಥೆ ಸಣ್ಣದಾಗಿ ನಡೆಯಬಹುದು. ನಲ್ಲಿಯ ಪೈಪು, ಕೊಳಚೆ ಪೈಪು ಅಕ್ಕಪಕ್ಕ. ನೀರು ಬರುವುದು ಕೆಲವೇ ಗಂಟೆ. ನಿಂತ ಮೇಲೆ ಖಾಲಿ ಪೈಪು ಬಿರುಕಿನಿಂದ ಹೊರಗಿನದನ್ನು ಹೀರಿಕೊಳ್ಳುತ್ತದೆ. ಮೇಲೆ ಮನೆಮನೆಗೂ ಬೂಸ್ಟರ್ ಪಂಪು ಬೇರೆ...

2019ರಲ್ಲಿ ದಿಲ್ಲಿಯ 1,731 ಅನಧಿಕೃತ ಕಾಲೋನಿಗಳ ನಿವಾಸಿಗಳಿಗೆ ಮಾಲೀಕತ್ವ ಕೊಡುವ ಕಾನೂನು ಬಂತು. ಒಳ್ಳೆಯದೇ. ಆದರೆ ಕಾಗದ ಬಂದ ಮಾತ್ರಕ್ಕೆ ಚರಂಡಿ ಬಂದಂತಾಗಲಿಲ್ಲ. ಹಳೆಯ ಕಾಲೋನಿಗಳ ಕಥೆ ಇನ್ನೊಂದು: ಒಂದು ಸಂಸಾರದ ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸಿರುತ್ತಾರೆ, ಕೆಳಗಿನ ಪೈಪು ಮಾತ್ರ ಅಜ್ಜನ ಕಾಲದ್ದು.

ಹಾಗಾಗಿ ಮುಂಗಡ ಕೊಡುವ ಮುಂಚೆ ಮನೆ ಮುಂದಿನ ಛೇಂಬರ್ ಮುಚ್ಚಳ ತೆಗೆಸಿ. ಮೇಲಿನ ಬಾತ್‌ರೂಮಿನಲ್ಲಿ ನಾಲ್ಕು ಬಕೆಟ್ ನೀರು ಸುರಿಸಿ, ಕೆಳಗೆ ನಿಂತು ಎಷ್ಟು ಬೇಗ ಬಂತು, ಬಂದದ್ದು ನಿಂತಿತಾ ಹೋಯಿತಾ ನೋಡಿ. ಬೀದಿಯ ಲೈನಿಗೆ ಸೇರುತ್ತಾ, ಇಲ್ಲ ಮನೆಯಡಿಯ ಗುಂಡಿಗಾ? ಜುಲೈ ಮಳೆಯಲ್ಲಿ ನೆಲಮಹಡಿಗೆ ಕೊಳಚೆ ಉಕ್ಕುತ್ತಾ ಅನ್ನುವುದನ್ನು ಡೀಲರನನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಅಂದಹಾಗೆ, ಮುಚ್ಚಳ ತೆಗೆಸಿ ಅಂದೆ, ಆಳನ್ನು ಇಳಿಸಿ ಅನ್ನಲಿಲ್ಲ. ರಕ್ಷಣೆಯ ಸಾಮಗ್ರಿ ಇಲ್ಲದೆ ಮನುಷ್ಯನನ್ನು ಗುಂಡಿಗಿಳಿಸಿ ಶುಚಿ ಮಾಡಿಸುವುದು 2013ರ ಕಾಯ್ದೆಯಲ್ಲಿ ಅಪರಾಧ. ಪೈಪಿನೊಳಗೆ ಕಳಿಸುವ ಕ್ಯಾಮೆರಾ ಇದೆ. ಒಂದು ಸಲ ನೋಡಿಸುವ ಖರ್ಚು ಬ್ರೋಕರ್ ಕಮಿಷನ್ನಿನ ಮುಂದೆ ಏನೂ ಅಲ್ಲ.