ಕಪ್ಪು ಬ್ಯೂಯಿಕ್ಕಿನ ಗಣಕ

ಜನರಲ್ ಮೋಟಾರ್ಸ್ ಸಂಸ್ಥೆಯ ಬ್ಯೂಯಿಕ್ ವಿಭಾಗವು 1984ರಿಂದ 1987ರವರೆಗೆ ಹೊರತಂದ, ಆಪಾದಮಸ್ತಕ ಕೃಷ್ಣವರ್ಣದ ಗ್ರ್ಯಾಂಡ್ ನ್ಯಾಷನಲ್ ಕಾರು ಅಮೆರಿಕದ ಮೋಟಾರು ಚರಿತ್ರೆಯಲ್ಲಿ ಒಂದು ವಿಲಕ್ಷಣ ಸೃಷ್ಟಿ. ಎಂಟು ಸಿಲಿಂಡರುಗಳ ಎಂಜಿನ್ನಿಗಲ್ಲದೆ ಮತ್ತೊಂದಕ್ಕೆ ವೇಗದ ಪಟ್ಟ ಕಟ್ಟಲೊಲ್ಲದ ಆ ದೇಶದಲ್ಲಿ, 3.8 ಲೀಟರಿನ ಆರು ಸಿಲಿಂಡರುಗಳ ಎಂಜಿನ್ನಿಗೆ ಟರ್ಬೊವನ್ನು ಜೋಡಿಸಿದುದಲ್ಲದೆ, ಕ್ಲಚ್ ಪೆಡಲನ್ನೇ ಇಡದೆ, ನಾಲ್ಕು ಗೇರುಗಳ ಆಟೊಮ್ಯಾಟಿಕ್ ಪೆಟ್ಟಿಗೆಯೊಂದನ್ನೇ ಅದಕ್ಕೆ ನಿಯಮಿಸಿದ್ದರು. ಟರ್ಬೊವಿನ ಸ್ವಭಾವವನ್ನು ಬಲ್ಲವರಿಗೆ ಈ ಆಯ್ಕೆಯ ಔಚಿತ್ಯ ಸುಲಭವಾಗಿ ಹೊಳೆಯುವುದು: ಗೇರು ಬದಲಿಸಲೆಂದು ಚಾಲಕನು ಕಾಲೆತ್ತಿದೊಡನೆ ಕುಸಿಯುವ ಗಾಳಿಯ ಒತ್ತಡವು ಇಲ್ಲಿ ಕುಸಿಯುವ ಪ್ರಮೇಯವಿಲ್ಲ; ಅಲ್ಲದೆ ಎಡಗಾಲಿನಿಂದ ಬ್ರೇಕನ್ನದುಮಿ ಬಲಗಾಲಿನಿಂದ ಆಕ್ಸಿಲರೇಟರನ್ನೊತ್ತಿದರೆ, ಟಾರ್ಕ್ ಕನ್ವರ್ಟರಿನೊಳಗಣ ಎಣ್ಣೆಯ ಪ್ರತಿರೋಧಕ್ಕೆದುರಾಗಿ ದುಡಿಯುವ ಎಂಜಿನ್ನು, ಕಾರು ನಿಂತಲ್ಲಿಯೇ ಟರ್ಬೊವನ್ನು ತಿರುಗಿಸಿ ಒತ್ತಡವನ್ನು ಸಂಚಯಿಸಿಕೊಳ್ಳುವುದು.

ಪೆಟ್ರೋಲನ್ನು ಪ್ರತಿಯೊಂದು ಸಿಲಿಂಡರಿಗೂ ಅದರದರ ಸರದಿಯಲ್ಲಿ ಸಿಂಪಡಿಸುವುದು, ಕಿಡಿ ಹಾರುವ ಕ್ಷಣವನ್ನು ನಿರ್ಣಯಿಸುವುದು, ಟರ್ಬೊವಿನ ಒತ್ತಡಕ್ಕೆ ಮಿತಿಯನ್ನು ಹಾಕುವುದು, ಇವೆಲ್ಲವೂ ಚಾಲಕನ ಪಕ್ಕದ ಪ್ರಯಾಣಿಕನ ಕಾಲ್ಬದಿಯ ಫಲಕದ ಹಿಂದೆ ಅಡಗಿದ್ದ ಗಣಕದ ಅಧೀನದಲ್ಲಿದ್ದವು. ಆ ಗಣಕದೊಳಗಿನ ಚಿಪ್ಪನ್ನು ಬೆರಳಿನಿಂದಲೇ ಕಿತ್ತು ಬೇರೊಂದನ್ನು ಕೂರಿಸಬಹುದಾಗಿದ್ದುದರಿಂದ, ನೆತ್ತಿಯ ಮೇಲೆ ಸ್ಫಟಿಕದ ಪುಟ್ಟ ಕಿಂಡಿಯುಳ್ಳ ಚಿಪ್ಪಿನ ಬರಹವನ್ನು ಅತಿನೇರಳೆ ಬೆಳಕಿನಿಂದ ಅಳಿಸಿ, ಪೆಟ್ರೋಲು ಮತ್ತು ಕಿಡಿಯ ಪಟ್ಟಿಗಳನ್ನು ಹೊಸದಾಗಿ ಬರೆದು ಮಾರುವ ಒಂದು ಕಸುಬೇ ಈ ಕಾರಿನ ಸುತ್ತ ಬೆಳೆಯಿತು. 1987ರಲ್ಲಿ ಕಾರ್ಖಾನೆಯು ಘೋಷಿಸಿದ 245 ಅಶ್ವಶಕ್ತಿಯನ್ನು ಯಾರೂ ಕೊನೆಯ ಮಾತೆಂದು ಭಾವಿಸಲಿಲ್ಲ.

ಆದರೆ ಚಿಪ್ಪು ದಾಟಲಾರದ ಎಲ್ಲೆಯೊಂದಿತ್ತು. ಎಂಜಿನ್ನು ಸೇವಿಸುವ ಗಾಳಿಯ ತೂಕವನ್ನು ಆ ಗಣಕವು ಸೆಕೆಂಡಿಗೆ 255 ಗ್ರಾಮಿನವರೆಗೆ ಮಾತ್ರ ಎಣಿಸಬಲ್ಲುದಾಗಿತ್ತು. ಎಂಟು ದ್ವಿಮಾನ ಅಂಕಗಳಲ್ಲಿ ಹಿಡಿಸುವ ಪರಮಾವಧಿ ಸಂಖ್ಯೆಯೇ ಅದು. ದೊಡ್ಡ ಟರ್ಬೊವನ್ನು ಕೂರಿಸಿದವನ ಎಂಜಿನ್ನು ಅದಕ್ಕಿಂತ ಎಷ್ಟು ಹೆಚ್ಚು ಗಾಳಿಯನ್ನು ನುಂಗಿದರೂ ಗಣಕಕ್ಕೆ ತೋರುತ್ತಿದ್ದುದು 255 ಮಾತ್ರ. ಅಲ್ಲಿಂದಾಚೆಗೆ ಅಂದಾಜಿನ ಪಟ್ಟಿಗಳೇ ಗತಿ. ಅಂದಾಜು ತಪ್ಪಿ ಪೆಟ್ರೋಲು ಕಡಮೆಯಾದರೆ ನಾಕಿಂಗ್ ಹುಟ್ಟಿ ಹೆಡ್ ಗ್ಯಾಸ್ಕೆಟ್ ಒಡೆಯುವುದು. ಸಿಡ್ನಿಯಲ್ಲಿ 1986ರಲ್ಲಿ ಸ್ಥಾಪಿತವಾದ ಹಾಲ್ಟೆಕ್, ಮೆಲ್ಬರ್ನಿನಲ್ಲಿ 1987ರಲ್ಲಿ ಹುಟ್ಟಿದ ಮೋಟೆಕ್, ಅಮೆರಿಕದಲ್ಲಿಯೇ ಬ್ಯೂಯಿಕ್ ಪ್ರಿಯರು ಬಹುವಾಗಿ ಬಳಸಿದ ಫಾಸ್ಟ್ ಮೊದಲಾದ ಸ್ವತಂತ್ರ ಗಣಕಗಳಿಗೆ ಎಡೆ ದೊರೆತುದು ಇಂತಹ ಇಕ್ಕಟ್ಟುಗಳಿಂದಲೇ. ಇವು ಗಾಳಿಯನ್ನು ತೂಗದೆ, ಅದರ ಒತ್ತಡ ಮತ್ತು ಉಷ್ಣತೆಗಳಿಂದ ಪ್ರಮಾಣವನ್ನು ಗಣಿಸುತ್ತಿದ್ದುವು.

ಹೀಗೆ ಕಾರ್ಖಾನೆಯ ಗಣಕವನ್ನು ಸಮೂಲವಾಗಿ ಕಿತ್ತೆಸೆದರೂ ಗೇರ್‌ಪೆಟ್ಟಿಗೆಯು ಮುನಿಯದಿದ್ದುದು ಈ ಕಾರಿನ ಸುದೈವವೆಂದೇ ನನ್ನ ಎಣಿಕೆ. 200-4ಆರ್ ಎಂಬ ಆ ಪೆಟ್ಟಿಗೆಯು ವೇಗವನ್ನು ತನ್ನದೇ ಗವರ್ನರಿನಿಂದಲೂ, ಚಾಲಕನ ಕಾಲಿನ ಇಂಗಿತವನ್ನು ಥ್ರಾಟಲಿನಿಂದ ಇಳಿದುಬರುವ ಒಂದು ತೆಳುವಾದ ಕೇಬಲಿನಿಂದಲೂ ಅರಿತು, ಎಣ್ಣೆಯ ಒತ್ತಡದ ಬಲದಿಂದಲೇ ಗೇರು ಬದಲಿಸುತ್ತಿದ್ದಿತು. ಗಣಕದಿಂದ ಅದಕ್ಕೆ ಬೇಕಾಗಿದ್ದುದು ಟಾರ್ಕ್ ಕನ್ವರ್ಟರನ್ನು ಬಿಗಿಹಿಡಿಯುವ ಒಂದು ವಿದ್ಯುತ್ಸಂಜ್ಞೆ ಮಾತ್ರ. ಆದರೆ ಆ ಕೇಬಲು ಸ್ವಲ್ಪ ಸಡಿಲವಾದರೂ ಸಾಕು, ಎಣ್ಣೆಯ ಒತ್ತಡ ಸಾಲದೆ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟುಹೋಗುವುವು. ಆದುದರಿಂದ ಬಲ್ಲ ಮೆಕ್ಯಾನಿಕನು ಹೊಸ ಗಣಕದ ತಂತಿಗಳನ್ನು ಮುಟ್ಟುವ ಮೊದಲು ಪೆಡಲನ್ನು ತಳದವರೆಗೆ ಒತ್ತಿಸಿ ಕೇಬಲಿನ ಬಿಗಿಯನ್ನು ನೋಡುವನು.

1991ರಲ್ಲಿ ಅದೇ ಸಂಸ್ಥೆಯು 4ಎಲ್80-ಇ ಎಂಬ ಪೆಟ್ಟಿಗೆಯನ್ನು ತಂದಾಗ ಈ ಸೌಹಾರ್ದ ಮುರಿಯಿತು. ಗೇರನ್ನು ಬದಲಿಸುವ ಕ್ಷಣವೂ ಎಣ್ಣೆಯ ಒತ್ತಡವೂ ಈಗ ವಿದ್ಯುತ್ ಸೊಲೆನಾಯ್ಡುಗಳ ಕೈಸೇರಿದುವು. ಬರುಬರುತ್ತ ಗೇರು ಬೀಳುವ ಗಳಿಗೆಯಲ್ಲಿ ಕಿಡಿಯನ್ನು ತಡಮಾಡಿ ಎಂಜಿನ್ನಿನ ಬಲವನ್ನು ತಗ್ಗಿಸುವ ವಿವೇಕವೂ ಕಾರುಗಳ ಗಣಕಗಳಿಗೆ ಬಂದಿತು. ಇಂತಹ ಗಣಕವನ್ನು ಕಿತ್ತರೆ ಗೇರ್‌ಪೆಟ್ಟಿಗೆ ಅನಾಥವಾಗುವುದು. ಕೆಲವರು ಮೂಲ ಗಣಕವನ್ನು ಉಳಿಸಿಕೊಂಡೇ ಅದಕ್ಕೆ ಬರುವ ಸಂಜ್ಞೆಗಳನ್ನು ತಿದ್ದುವ ಉಪಗಣಕವನ್ನು ಜೋಡಿಸಿದರು. ಕೆಲವರು ಗೇರಿಗೆಂದೇ ಪ್ರತ್ಯೇಕವಾದ ಇನ್ನೊಂದು ಗಣಕವನ್ನು ಕೊಂಡರು. ಮುಂದೆ ಎರಡು ಕೆಲಸಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಮಾಡಿದ ಗಣಕಗಳು ಅಂಗಡಿಗೆ ಬಂದುವು. ಆದರೂ ಕೊಳ್ಳುವವರು ಅಶ್ವಶಕ್ತಿಯನ್ನು ವಿಚಾರಿಸುವ ಮುನ್ನ, ತಮ್ಮ ಗೇರ್‌ಪೆಟ್ಟಿಗೆಯ ಹೆಸರು ಆ ಗಣಕದ ಪಟ್ಟಿಯಲ್ಲಿದೆಯೇ ಎಂದು ಕೇಳುತ್ತಾರೆ.