ಶಹ್ಲೈಲಾ: ಇಪ್ಪತ್ತಕ್ಕೇ ನಿಂತ ಓಟ

ಬೇಸಿಗೆಯಲ್ಲಿ ಸುಂಟಿಕೊಪ್ಪದ ಮೈದಾನದ ಕಡೆ ಹೋದವರಿಗೆ ಕೊಡಗು ಬರೀ ಹಾಕಿಯ ನಾಡಲ್ಲ ಎಂಬುದು ಗೊತ್ತು. ಅಲ್ಲಿಯ ಗೋಲ್ಡ್ ಕಪ್ ಫುಟ್ಬಾಲಿಗೆ ಕೇರಳದ ತಂಡಗಳೂ ಬರುತ್ತವೆ. ಮಲಬಾರಿನಿಂದ ಬಂದು ತೋಟ, ಪೇಟೆಗಳಲ್ಲಿ ನೆಲೆನಿಂತ ಕುಟುಂಬಗಳ ಜೊತೆ ಕಾಲ್ಚೆಂಡಿನ ಹುಚ್ಚೂ ಘಟ್ಟ ಹತ್ತಿತು. ಆದರೆ ಹುಡುಗಿಯರ ಮಾತು ಬಂದಾಗ ನಾವು ಅಶ್ವಿನಿ ನಾಚಪ್ಪರ ಹೆಸರು ಹೇಳಿ ಸುಮ್ಮನಾಗುತ್ತೇವೆ. ಫುಟ್ಬಾಲ್ ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ, ನಮ್ಮ ಹೆಣ್ಣುಮಕ್ಕಳಿಗಂತೂ ಅಲ್ಲವೇ ಅಲ್ಲ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೇವೆ. ಶಹ್ಲೈಲಾ ಬಲೂಚ್‌ಳ ಬದುಕನ್ನು ಈ ತೀರ್ಮಾನದ ಎದುರು ಇಟ್ಟು ನೋಡಬೇಕು.

1996ರಲ್ಲಿ ಹುಟ್ಟಿದ ಈಕೆ ಪಾಕಿಸ್ತಾನದ ಬಲೂಚಿಸ್ತಾನದವಳು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಕಷ್ಟವಾಗಿದ್ದ ಸೀಮೆ ಅದು. ಬಾಲ್ಯದಲ್ಲೇ ಚೆಂಡಿನ ಹಿಂದೆ ಓಡಿದಳು, ಬಲೂಚಿಸ್ತಾನ್ ಯುನೈಟೆಡ್ ತಂಡ ಸೇರಿದಳು, ರಾಷ್ಟ್ರೀಯ ತಂಡದ ಮುಂಚೂಣಿ ಆಟಗಾರ್ತಿಯಾದಳು. 2014ರಲ್ಲಿ ಬಲೂಚಿಸ್ತಾನ್ ಯುನೈಟೆಡ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷ ಮಾಲ್ಡೀವ್ಸ್‌ನ ಕ್ಲಬ್ ಒಂದರ ಪರ ಆಡುತ್ತಾ ಹ್ಯಾಟ್ರಿಕ್ ಗೋಲು ಹೊಡೆದಳು. 

ಒಂದು ಮಾತನ್ನು ಮುಚ್ಚಿಡಬಾರದು. ಆಕೆಯ ತಾಯಿ ರುಬೀನಾ ಇರ್ಫಾನ್ ಸೆನೆಟ್ ಸದಸ್ಯೆಯಾಗಿದ್ದವರು, ದೇಶದ ಮಹಿಳಾ ಫುಟ್ಬಾಲ್ ವಿಭಾಗವನ್ನು ಮುನ್ನಡೆಸಿದವರು. ಅಕ್ಕ ರಾಹಿಲಾ ಝರ್ಮೀನ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಆಗಿದ್ದರು. ಮನೆಯೇ ಮೈದಾನದ ಬಾಗಿಲು ತೆರೆದಿತ್ತು. ಸಿದ್ದಾಪುರದ ಲೈನ್‌ಮನೆಯಲ್ಲಿ ಬೆಳೆಯುವ ಹುಡುಗಿಗೆ ಆ ಬಾಗಿಲು ಯಾರು ತೆರೆಯಬೇಕು? ಆದರೂ ಚೆಂಡನ್ನು ಗೋಲಿಗೆ ಕಳಿಸಿದ್ದು ಅಮ್ಮನ ಹುದ್ದೆಯಲ್ಲ, ಮಗಳ ಕಾಲು.

ಇಲ್ಲಿ ಧರ್ಮವನ್ನು ಎಳೆದು ತರುವವರು ಇಂಗ್ಲೆಂಡಿನ ಕಥೆ ಓದಬೇಕು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನಲ್ಲಿ ಮಹಿಳೆಯರ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿಯ ಫುಟ್ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ನಿಷೇಧ ಸುಮಾರು 50 ವರ್ಷ ಉಳಿಯಿತು. ಪ್ರವಾದಿಯವರು (ಸ) ಪತ್ನಿ ಆಯಿಶಾರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಇತ್ತ 2011ರಲ್ಲಿ ಇರಾನಿನ ಮಹಿಳೆಯರನ್ನು ತಲೆವಸ್ತ್ರದ ಕಾರಣಕ್ಕೆ ಒಲಿಂಪಿಕ್ಸ್ ಅರ್ಹತಾ ಪಂದ್ಯದಿಂದ ಹೊರಗಿಟ್ಟದ್ದು ಫಿಫಾ. 2014ರಲ್ಲಿ ಆ ನಿಯಮ ಬದಲಾಯಿತು. ಮನೆಯವರು ಬಿಟ್ಟರೂ ಮೈದಾನದವರು ಬಿಡದ ಉದಾಹರಣೆ ಇದು.

ನಮ್ಮ ನೆರೆಯಲ್ಲೇ ಇನ್ನೊಂದು ಇತಿಹಾಸವಿದೆ. ಕುಟ್ಟದ ಗಡಿ ದಾಟಿ ವಯನಾಡಿನ ಘಾಟಿ ಇಳಿದರೆ ಸಿಗುವ ಕಲ್ಲಿಕೋಟೆಯಲ್ಲಿ 1980ರ ಜನವರಿಯಲ್ಲಿ ಏಷ್ಯಾ ಮಹಿಳಾ ಫುಟ್ಬಾಲ್ ಚಾಂಪಿಯನ್‌ಶಿಪ್ ನಡೆಯಿತು. ಭಾರತ ಎರಡು ತಂಡಗಳನ್ನು ಇಳಿಸಿತ್ತು. ಒಂದು ಫೈನಲ್ ತಲುಪಿ ತೈವಾನಿಗೆ 2-0ರಿಂದ ಸೋತಿತು. 1983ರಲ್ಲಿ ಭಾರತ ಮತ್ತೆ ಫೈನಲ್ ಆಡಿತು. ಕರ್ನಾಟಕದ ಚಿತ್ರಾ ಗಂಗಾಧರನ್ ಆ ತಲೆಮಾರಿನ ಆಟಗಾರ್ತಿ. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

2016ರ ಅಕ್ಟೋಬರಿನಲ್ಲಿ ಕರಾಚಿಯಲ್ಲಿ ಶಹ್ಲೈಲಾ ಇದ್ದ ಕಾರು ರಸ್ತೆಬದಿಯ ಕಂಬಕ್ಕೆ ಬಡಿಯಿತು. ಆಕೆ ಉಳಿಯಲಿಲ್ಲ. ವಯಸ್ಸು 20. ಸುದ್ದಿ ಎರಡು ದಿನ ಓಡಾಡಿತು, ಮರೆಯಾಯಿತು. ಸಾವಿಗೆ ಮುಂಚೆಯೇ ಆಕೆಯ ಆಟಕ್ಕೆ ಬೇರೊಂದು ಕಂಬ ಅಡ್ಡ ಬಂದಿತ್ತು. ಅಲ್ಲಿಯ ಫುಟ್ಬಾಲ್ ಫೆಡರೇಶನ್ನಿನ ಒಳಜಗಳ ಬೀದಿಗೆ ಬಿದ್ದು, 2014ರ ನಂತರ ಮಹಿಳಾ ತಂಡ ಅಂತರರಾಷ್ಟ್ರೀಯ ಪಂದ್ಯವನ್ನೇ ಕಂಡಿರಲಿಲ್ಲ. ಗಂಡಸರು ಕುರ್ಚಿಗೆ ಕಾದಾಡುತ್ತಿದ್ದಾಗ ಆಕೆಯ 18, 19, 20ರ ವಯಸ್ಸು ಹಾಗೆಯೇ ಕಳೆದುಹೋಯಿತು. 2017ರಲ್ಲಿ ಫಿಫಾ ಆ ಫೆಡರೇಶನನ್ನೇ ಅಮಾನತಿನಲ್ಲಿಟ್ಟಿತು.

ಪಾಕಿಸ್ತಾನದ ಹುಡುಗಿಯರು ಮತ್ತೆ ಅಂತರರಾಷ್ಟ್ರೀಯ ಮೈದಾನಕ್ಕಿಳಿದದ್ದು 2022ರ ಸೆಪ್ಟೆಂಬರಿನಲ್ಲಿ, ಕಾಠ್ಮಂಡುವಿನಲ್ಲಿ. ಅಲ್ಲಿ ಅವರು 7-0 ಗೋಲುಗಳಿಂದ ಗೆದ್ದದ್ದು ಮಾಲ್ಡೀವ್ಸ್ ವಿರುದ್ಧ. ಶಹ್ಲೈಲಾ ಬದುಕಿದ್ದಿದ್ದರೆ ಆಗ ಅವಳಿಗೆ 26 ವರ್ಷ.